ಹೆರಿಗೆಗೆ ಆಸ್ಪತ್ರೆಗೆ ಹೋಗುವಾಗ ಅಮ್ಮನ ಬಟ್ಟೆ ಹೇಗಿರಬೇಕು?

ಹೆರಿಗೆ ಬ್ಯಾಗ್ ಅಂದ ಕೂಡಲೇ ಎಲ್ಲರ ಗಮನ ಮಗುವಿನ ಬಟ್ಟೆಯ ಕಡೆಗೇ ಹೋಗುತ್ತದೆ. ಪುಟ್ಟ ಟೋಪಿ, ಪುಟ್ಟ ಕಾಲುಚೀಲ, ಮೆತ್ತನೆಯ ಹೊದಿಕೆ ಎಲ್ಲವನ್ನೂ ವಾರಗಟ್ಟಲೆ ಮೊದಲೇ ಒಗೆದು ಮಡಚಿ ಇಟ್ಟಿರುತ್ತಾರೆ. ಹೆರುವವಳು ಏನು ಹಾಕಿಕೊಳ್ಳಬೇಕು ಎಂದು ಕೇಳಿದರೆ ಮಾತ್ರ "ಎರಡು ನೈಟಿ ಇಟ್ಟುಕೋ, ಸಾಕು" ಅನ್ನುತ್ತಾರೆ. ಎಂಥ ನೈಟಿ? ಎಲ್ಲಿ ತೆರೆಯುವಂಥದ್ದು? ತೋಳು ಎಷ್ಟು ಅಗಲ? ಉದ್ದ ಎಷ್ಟು? ಅದನ್ನು ಹೇಳುವವರು ಕಡಿಮೆ. ನನಗೆ ಎರಡು ಹೆರಿಗೆ ಆಗಿದೆ, ಮೊದಲನೆಯದು ನಾರ್ಮಲ್, ಎರಡನೆಯದು ಸಿಸೇರಿಯನ್. ಅಂದಿನಿಂದ ಗೊತ್ತಿರುವ ಗರ್ಭಿಣಿಯರಿಗೆಲ್ಲ ಇದನ್ನು ಬಿಡಿಬಿಡಿಯಾಗಿ ಹೇಳುತ್ತಲೇ ಇದ್ದೇನೆ. ಈಗ ಒಂದೇ ಕಡೆ ಬರೆದುಬಿಡುತ್ತೇನೆ.

ಬಟ್ಟೆ ಆರಿಸುವಾಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮೈಮೇಲಿಂದ ಪೂರ್ತಿ ತೆಗೆಯದೆ, ಬೇಕಾದ ಜಾಗವನ್ನಷ್ಟೇ ತೆರೆಯಬಹುದಾ? ಯಾಕೆಂದರೆ ಆ ಹೊತ್ತಿನಲ್ಲಿ ಬೇರೆ ಬೇರೆಯವರ ಕೈ ನಿಮ್ಮ ಮೈಯ ಬೇರೆ ಬೇರೆ ಜಾಗಕ್ಕೆ ಬರುತ್ತದೆ. ಹೊಟ್ಟೆಗೆ ಎರಡು ಬೆಲ್ಟ್ ಕಟ್ಟುತ್ತಾರೆ, ಒಂದು ಮಗುವಿನ ಎದೆಬಡಿತ ಹಿಡಿಯಲು, ಇನ್ನೊಂದು ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂದು ನೋಡಲು. ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾರೆ. ಕೈಗೆ ಡ್ರಿಪ್ ಸೂಜಿ ಚುಚ್ಚುತ್ತಾರೆ. ಗರ್ಭಕಂಠ ಎಷ್ಟು ತೆರೆದಿದೆ ಎಂದು ನೋಡಲು ಕೆಳಗೆ ಕೈ ಹಾಕಿ ಪರೀಕ್ಷೆ ಮಾಡುತ್ತಾರೆ. ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಮದ್ದು ತೆಗೆದುಕೊಂಡರೆ ಸೊಂಟದ ಹಿಂಭಾಗ ಪೂರ್ತಿ ತೆರೆದಿರಬೇಕು. ಮಗು ಹೊರಬಂದ ತಕ್ಷಣ ಎದೆಯ ಮೇಲೆ ಮಲಗಿಸಲು ಮುಂಭಾಗ ತೆರೆಯಬೇಕು. ಹೊಟ್ಟೆ, ತೋಳು, ಕೈ, ಕೆಳಗೆ, ಬೆನ್ನು, ಎದೆ, ಆರು ಕಡೆ ಆಯ್ತಲ್ಲ! ಒಂದೊಂದಕ್ಕೂ ಬಟ್ಟೆ ಬಿಚ್ಚಿ ಹಾಕುತ್ತಾ ಕೂತರೆ ಯಾರಿಗೆ ತಾನೇ ಆಗುತ್ತದೆ? ಬೇಕಾದ ಕಡೆ ಮಾತ್ರ ತೆರೆದು ಉಳಿದ ಮೈಯನ್ನು ಮುಚ್ಚುವ ಬಟ್ಟೆಯೇ ಹೆರಿಗೆಗೆ ಸರಿಯಾದ ಬಟ್ಟೆ.

ಆದ್ದರಿಂದ ಪೈಜಾಮ, ಲೆಗ್ಗಿಂಗ್ಸ್ ಯಾವುದೂ ಲೇಬರ್ ರೂಮಿಗೆ ಆಗುವುದಿಲ್ಲ. ಮಂಡಿ ದಾಟಿ ಮೀನಖಂಡದ ಅರ್ಧಕ್ಕೆ ಬರುವ ಸಡಿಲವಾದ ಹತ್ತಿ ನೈಟಿ ಒಳ್ಳೆಯದು. ಮುಂದೆ ಮೇಲಿಂದ ಕೆಳಗಿನವರೆಗೆ ಗುಂಡಿ ಇರುವ ಉದ್ದ ಅಂಗಿಯಂಥದ್ದಾದರೆ ಇನ್ನೂ ಒಳ್ಳೆಯದು. ಅದರಲ್ಲಿ ಹೊಟ್ಟೆಯ ಹತ್ತಿರದ ಗುಂಡಿ ಮಾತ್ರ ಬಿಚ್ಚಬಹುದು, ಎದೆಯ ಹತ್ತಿರದ್ದು ಮಾತ್ರ ಬಿಚ್ಚಬಹುದು, ಕೆಳಗಿನದು ಮಾತ್ರ ಬಿಚ್ಚಬಹುದು.

ತೋಳಿನ ವಿಷಯ ಸಣ್ಣದು ಅನಿಸುತ್ತದೆ, ಆದರೆ ಅಲ್ಲಿಯೇ ಜಾಸ್ತಿ ಜನ ಸಿಕ್ಕಿಬೀಳುವುದು. ಬಿಗಿಯಾದ ಉದ್ದ ತೋಳನ್ನು ಬಿಪಿ ಪಟ್ಟಿಗಾಗಿ ಮೇಲೆ ಮಡಚಿದರೆ ಮಡಿಕೆಯೇ ತೋಳನ್ನು ಬಿಗಿಯುತ್ತದೆ. ಕೈಗೆ ಡ್ರಿಪ್ ಹಾಕಿದ ಮೇಲಂತೂ ಆ ತೋಳು ಸುಲಭಕ್ಕೆ ಹೊರಗೆ ಬರುವುದಿಲ್ಲ. ಸೂಜಿಗೆ ಪೈಪ್, ಪೈಪಿಗೆ ಬಾಟಲಿ, ಬಾಟಲಿ ಸ್ಟ್ಯಾಂಡಿನ ಮೇಲೆ! ಸಿಸ್ಟರ್ ನನ್ನ ನೈಟಿ ಬದಲಿಸಿದ್ದು ಹೀಗೆ, ನೋಡಿ: ಮೊದಲು ಡ್ರಿಪ್ ಇಲ್ಲದ ಕೈಯನ್ನು ತೋಳಿನಿಂದ ಹೊರಗೆ ತೆಗೆಸಿದರು, ನೈಟಿಯನ್ನು ತಲೆಯ ಮೇಲಿಂದ ಎತ್ತಿ ಡ್ರಿಪ್ ಕೈಯ ಕಡೆಗೆ ಸರಿಸಿದರು, ಆಮೇಲೆ ಬಾಟಲಿಯನ್ನು ಸ್ಟ್ಯಾಂಡಿನಿಂದ ಇಳಿಸಿ ತೋಳಿನೊಳಗಿಂದ ಕೈ ತೂರಿಸುವ ಹಾಗೆ ತೂರಿಸಿ ಆಚೆ ತೆಗೆದರು. ಹೊಸ ನೈಟಿ ಹಾಕುವಾಗ ಇದೇ ಕೆಲಸ ತಿರುಗಾಮುರುಗಾ, ಬಾಟಲಿ ಮೊದಲು, ಡ್ರಿಪ್ ಕೈ ಆಮೇಲೆ, ಖಾಲಿ ಕೈ ಕೊನೆಗೆ. ಇಷ್ಟು ಹೊತ್ತೂ ಬಾಟಲಿಯನ್ನು ಕೈಗಿಂತ ಮೇಲೆಯೇ ಹಿಡಿದಿದ್ದರು, ಕೆಳಗೆ ಇಳಿದರೆ ರಕ್ತ ಪೈಪಿನೊಳಗೆ ವಾಪಸ್ ಬರುತ್ತದೆ. ನೀವಾಗಿಯೇ ಇದನ್ನು ಮಾಡಲು ಹೋಗಬೇಡಿ, ಸಿಸ್ಟರನ್ನು ಕರೆಯಿರಿ. ಬಾಟಲಿ ಸಲೀಸಾಗಿ ತೂರುವಷ್ಟು ಅಗಲವಾದ ತೋಳು ಇರುವ ನೈಟಿಯನ್ನು ಮಾತ್ರ ಮೊದಲೇ ಆರಿಸಿಕೊಳ್ಳಿ. ಮೊಣಕೈಗಿಂತ ಮೇಲೆ ನಿಲ್ಲುವ ಅಗಲ ತೋಳಾದರೆ ಸಾಕು.

ಆಸ್ಪತ್ರೆಯವರ ಗೌನ್ ಬಗ್ಗೆ ಒಂದು ಮಾತು. ಹಿಂದೆ ತೆರೆದು ದಾರ ಕಟ್ಟುವ ಆ ಗೌನ್ ಯಾರಿಗೂ ಇಷ್ಟವಾಗುವುದಿಲ್ಲ, ನನಗೂ ಆಗಲಿಲ್ಲ. ಆದರೆ ಅದರಲ್ಲಿ ಅನುಕೂಲ ಇದೆ. ಕೆಲವು ಗೌನ್‌ಗಳಲ್ಲಿ ಭುಜದ ಮೇಲೆ ಒತ್ತು ಗುಂಡಿ ಇರುತ್ತದೆ, ಡ್ರಿಪ್ ಬಿಚ್ಚದೆಯೇ ಗೌನ್ ಬದಲಿಸಲು ಅದು ತುಂಬಾ ಸಹಾಯ. ಎಪಿಡ್ಯೂರಲ್ ಹಾಕುವವರಿಗೆ ಬೆನ್ನು ನೇರವಾಗಿ ಸಿಗುತ್ತದೆ. ರಕ್ತ, ನೀರು ಏನೇ ಆದರೂ ಒಗೆಯುವ ಚಿಂತೆ ನಿಮ್ಮದಲ್ಲ. ಸ್ವಂತ ಬಟ್ಟೆ ಹಾಕಿಕೊಳ್ಳಲು ಬಿಡುತ್ತಾರಾ ಅನ್ನುವುದು ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ. ಇದನ್ನು ಏಳೆಂಟನೇ ತಿಂಗಳಿನ ಚೆಕಪ್‌ನಲ್ಲೇ ಕೇಳಿಬಿಡಿ. ಲೇಬರ್ ರೂಮಿನಲ್ಲಿ ಏನು, ವಾರ್ಡಿಗೆ ಬಂದ ಮೇಲೆ ಏನು, ಪ್ಯಾಡ್ ಅವರೇ ಕೊಡುತ್ತಾರಾ, ಚಪ್ಪಲಿ ಒಳಗೆ ಬಿಡುತ್ತಾರಾ, ಇಷ್ಟು ಕೇಳಿದರೆ ಅರ್ಧ ಬ್ಯಾಗ್ ತಾನಾಗಿ ಕಡಿಮೆಯಾಗುತ್ತದೆ.

ಗೌನ್ ಹಾಕಿಕೊಂಡು ಕಾರಿಡಾರಿನಲ್ಲಿ ನಡೆಯುವುದು ಹೇಗೆ ಅನ್ನುವುದೇ ಎಲ್ಲರ ಸಂಕೋಚ. ಇದಕ್ಕೆ ಸುಲಭ ಉಪಾಯ ಇದೆ. ಎರಡು ಗೌನ್ ಕೇಳಿ. ಒಂದನ್ನು ಹಿಂದೆ ತೆರೆಯುವ ಹಾಗೆ, ಅದರ ಮೇಲೆ ಇನ್ನೊಂದನ್ನು ಕೋಟಿನ ಹಾಗೆ ಮುಂದೆ ತೆರೆಯುವಂತೆ ಹಾಕಿಕೊಳ್ಳಿ. ಬೆನ್ನು ಪೂರ್ತಿ ಮುಚ್ಚುತ್ತದೆ. ಇದು ಬರೀ ನಾಚಿಕೆಯ ವಿಷಯ ಅಂದುಕೊಳ್ಳಬೇಡಿ. ತೊಂದರೆ ಇಲ್ಲದ ಹೆರಿಗೆಯಲ್ಲಿ ತಾಯಿ ಓಡಾಡುವುದನ್ನೂ, ಮಲಗಿಯೇ ಇರದೆ ನಿಂತು ಕೂತು ಇರುವುದನ್ನೂ ಪ್ರೋತ್ಸಾಹಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಆರೈಕೆಯ ಮಾರ್ಗಸೂಚಿಯಲ್ಲಿ ಹೇಳಿದೆ. ಓಡಾಡುವವರಿಗೆ, ನೇರವಾಗಿರುವವರಿಗೆ ಹೆರಿಗೆಯ ಮೊದಲ ಹಂತ, ಅಂದರೆ ಗರ್ಭಕಂಠ ತೆರೆದುಕೊಳ್ಳುವ ಹಂತ, ಸ್ವಲ್ಪ ಬೇಗ ಮುಗಿಯುತ್ತದೆ ಎಂದು ಅಧ್ಯಯನಗಳನ್ನು ಒಟ್ಟಿಗೆ ನೋಡಿದವರೂ ಹೇಳುತ್ತಾರೆ. ಬೆನ್ನು ತೆರೆದಿದೆ ಅನ್ನುವ ಮುಜುಗರಕ್ಕೆ ಒಬ್ಬಳು ಹಾಸಿಗೆಯಿಂದ ಏಳದೆ ಮಲಗಿಯೇ ಇದ್ದರೆ, ಅವಳಿಗೆ ಸಿಗಬೇಕಾದ ಸಹಾಯವನ್ನು ಒಂದು ಬಟ್ಟೆ ಕಿತ್ತುಕೊಂಡ ಹಾಗಾಯಿತು. ಅದೇ ಮಾರ್ಗಸೂಚಿಯ ಮೊದಲ ಮಾತೇ ಹೆರುವವಳ ಗೌರವ, ಅವಳ ಖಾಸಗಿತನ ಕಾಪಾಡಬೇಕು ಅನ್ನುವುದು. ಪರೀಕ್ಷೆ ಮಾಡುವಾಗ ಕಾಲ ಮೇಲೆ ಒಂದು ಹೊದಿಕೆ ಹಾಕಿ ಎಂದು ಕೇಳುವುದು, ಪರದೆ ಎಳೆಯಿರಿ ಎಂದು ಹೇಳುವುದು ಅತಿ ಅಲ್ಲ. ನೋವಿನಲ್ಲಿ ನಿಮಗೆ ಬಾಯಿ ಬರದೆ ಇರಬಹುದು. ಜೊತೆಗೆ ಇರುವವರಿಗೆ ಮೊದಲೇ ಹೇಳಿಡಿ, ಅವರು ಕೇಳಲಿ.

ಮನೆಯಿಂದ ಹೊರಡುವಾಗ ಏನು? ಮಗುವಿನ ಸುತ್ತಲಿನ ನೀರು ಹೋಗಿದ್ದರೆ ಅದು ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಮಗು ಹುಟ್ಟುವವರೆಗೂ ಎದ್ದಾಗ, ಕೂತಾಗ, ಕೆಮ್ಮಿದಾಗ ಹೋಗುತ್ತಲೇ ಇರುತ್ತದೆ. ದಪ್ಪ ಪ್ಯಾಡ್ ಹಾಕಿ, ಅದರ ಮೇಲೆ ಬಿಗಿಯಿಲ್ಲದ ಒಳಚಡ್ಡಿ, ಮೇಲೆ ಸುಲಭವಾಗಿ ತೆಗೆಯಬಹುದಾದ ಸಡಿಲ ಬಟ್ಟೆ. ಪ್ಯಾಡ್ ಬಿಳಿಯದೇ ಇರಲಿ. ನೀರಿನ ಬಣ್ಣ ಕಾಣಬೇಕು. ತಿಳಿಯಾಗಿದ್ದರೆ ಅಥವಾ ಸ್ವಲ್ಪ ಗುಲಾಬಿಯಿದ್ದರೆ ಅದು ಸಾಮಾನ್ಯ, ಹಸಿರು ಅಥವಾ ಕಂದು ಇದ್ದರೆ ಮಗು ಒಳಗೇ ಮಲ ಮಾಡಿರಬಹುದು, ತಡಮಾಡದೆ ಹೇಳಬೇಕು. ಮೇಲಿನ ಬಟ್ಟೆ ಕಡು ಬಣ್ಣದ್ದಿರಲಿ, ಕಲೆಯ ಚಿಂತೆ ಇರುವುದಿಲ್ಲ. ಒಳಗಿನದು ಮಾತ್ರ ಬಿಳಿ. ಹೆರಿಗೆ ಆದ ಮೇಲೂ ಇದೇ ಲೆಕ್ಕ.

ನೋವು ಜೋರಾದಾಗ ಮೈ ಬೆಂಕಿಯ ಹಾಗೆ ಕಾಯುತ್ತದೆ, ಇರುವ ಬಟ್ಟೆಯನ್ನೆಲ್ಲ ಕಿತ್ತು ಎಸೆಯಬೇಕು ಅನಿಸುತ್ತದೆ. ಅರ್ಧ ಗಂಟೆ ಬಿಟ್ಟು ಹಲ್ಲು ಕಟಕಟ ಅನ್ನುವಷ್ಟು ನಡುಕ. ಹೆರಿಗೆಯಾದ ತಕ್ಷಣ ನಡುಕ ಬರುವುದು ತುಂಬಾ ಸಾಮಾನ್ಯ, ಹೆದರಬೇಡಿ, ಆದರೆ ಬೆಚ್ಚಗೆ ಹೊದೆಸಲು ಹೇಳಿ. ಒಂದು ದಪ್ಪ ಬಟ್ಟೆಯ ಬದಲು ತೆಳುವಾದ ಎರಡು ಮೂರು ಪದರ ಇದ್ದರೆ ಬೇಕಾದ ಹಾಗೆ ತೆಗೆದು ಹಾಕಬಹುದು. ಮುಂದೆ ತೆರೆಯುವ ಸ್ವೆಟರ್ ಇರಲಿ, ತಲೆಯ ಮೇಲಿಂದ ಹಾಕುವಂಥದ್ದು ಡ್ರಿಪ್ ಕೈಗೆ ಆಗುವುದಿಲ್ಲ. ಒಂದು ಮೆತ್ತನೆ ಶಾಲು ಅಂತೂ ಇರಲೇಬೇಕು. ಹೊದೆಯಲು, ಮಗುವಿಗೆ ಹಾಲು ಕೊಡುವಾಗ ಮರೆಗೆ, ಗೌನಿನ ಹಿಂದೆ ಸುತ್ತಿಕೊಳ್ಳಲು, ಎಲ್ಲಕ್ಕೂ ಅದೇ.

ಉಂಗುರ, ಬಳೆ, ಸರ ಎಲ್ಲ ಮನೆಯಲ್ಲೇ ತೆಗೆದಿಡಿ. ಕೊನೆಯ ತಿಂಗಳಲ್ಲಿ ಬೆರಳು ಊದಿ ಉಂಗುರ ಹೊರಗೆ ಬರುವುದೇ ಇಲ್ಲ, ಹಾಗಾಗಿ ಇನ್ನೂ ಸಲೀಸಾಗಿ ಬರುತ್ತಿರುವಾಗಲೇ ತೆಗೆಯಿರಿ. ಇದ್ದಕ್ಕಿದ್ದ ಹಾಗೆ ಸಿಸೇರಿಯನ್ ಬೇಕಾದರೆ ಲೋಹದ ಒಡವೆ ಇರಬಾರದು, ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹ ತಾಗಿದ ಜಾಗ ಸುಡುವ ಅಪಾಯ ಇದೆ. ನೇಲ್ ಪಾಲಿಶ್ ಬೇಡ, ಬೆರಳಿಗೆ ಸಿಕ್ಕಿಸಿ ಆಮ್ಲಜನಕದ ಮಟ್ಟ ನೋಡುವ ಕ್ಲಿಪ್‌ಗೆ ಅದು ಅಡ್ಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕ ತೆಗೆದುಕೊಂಡು ಹೋಗಿ. ಕೂದಲನ್ನು ಸಡಿಲವಾಗಿ ಪಕ್ಕಕ್ಕೆ ಜಡೆ ಹಾಕಿ ಬಟ್ಟೆಯ ರಬ್ಬರ್ ಬ್ಯಾಂಡ್ ಕಟ್ಟಿದರೆ ಮಲಗಿದಾಗ ತಲೆ ಹಿಂದೆ ಒತ್ತುವುದಿಲ್ಲ.

ಸಿಸೇರಿಯನ್ ಮೊದಲೇ ನಿಗದಿಯಾಗಿದ್ದರೆ ಆಪರೇಷನ್ ಥಿಯೇಟರಿಗೆ ಹಾಕುವ ಬಟ್ಟೆಯ ಬಗ್ಗೆ ಯೋಚನೆಯೇ ಬೇಡ, ಗೌನ್, ಟೋಪಿ ಎಲ್ಲ ಅವರದೇ. ಎದೆಗೆ ಇಸಿಜಿ ಪಟ್ಟಿ ಅಂಟಿಸುವುದರಿಂದ ಬ್ರಾ ಕೂಡ ಇರುವುದಿಲ್ಲ. ಕೆಲವು ಕಡೆ ಕಾಲಿಗೆ ಬಿಗಿಯಾದ ಉದ್ದ ಸಾಕ್ಸ್ ಹಾಕುತ್ತಾರೆ, ಅದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು. ಕಿರಿಕಿರಿ ಅನಿಸಿದರೂ ಕೇಳದೆ ಬಿಚ್ಚಬೇಡಿ. ಒಂದು ಮಾತು ಮಾತ್ರ ಮೊದಲೇ ಹೇಳಿ: ಮಗುವನ್ನು ಥಿಯೇಟರಿನಲ್ಲೇ ಎದೆಗೆ ಕೊಡುವುದಾದರೆ ಗೌನಿನ ದಾರ ಕುತ್ತಿಗೆಯ ಹಿಂದೆ ಬಿಗಿಯಾಗಿ ಕಟ್ಟಬೇಡಿ, ಕೆಳಗೆ ಸರಿಸುವ ಹಾಗಿರಲಿ ಎಂದು.

ಎದೆಯ ಮೇಲೆ ಮಗು ಅಂದೆನಲ್ಲ, ಅದಕ್ಕಾಗಿಯೇ ನಾನು ಮುಂದೆ ತೆರೆಯುವ ಬಟ್ಟೆಗೆ ಇಷ್ಟು ಹಟ ಮಾಡುವುದು. ಹುಟ್ಟಿದ ಮಗುವನ್ನು ಒರೆಸಿ, ಬಟ್ಟೆಯ ಮೇಲಲ್ಲ, ಬರಿ ಮೈಯ ಮೇಲೆ ಮಲಗಿಸಿ ಮೇಲಿಂದ ಹೊದಿಸುತ್ತಾರೆ. ಮಗುವಿನ ಮೈ ಬೆಚ್ಚಗಿರುತ್ತದೆ, ಉಸಿರು ಎದೆಬಡಿತ ಒಂದು ಹದಕ್ಕೆ ಬರುತ್ತದೆ, ಮೊದಲ ಗಂಟೆಯೊಳಗೆ ಹಾಲು ಕುಡಿಸಲು ಸುಲಭ. ಆ ಹೊತ್ತಿನಲ್ಲಿ ತಲೆಯ ಮೇಲಿಂದ ತೆಗೆಯುವ ಬಟ್ಟೆ ಇದ್ದರೆ ಅದು ಕುತ್ತಿಗೆಯ ಹತ್ತಿರ ಮುದ್ದೆಯಾಗಿ ಕೂತು ಮಗುವಿನ ಮುಖಕ್ಕೆ ಒತ್ತುತ್ತದೆ. ಮುಂದೆ ಗುಂಡಿ ಇದ್ದರೆ ಎರಡು ಬಿಚ್ಚಿದರೆ ಆಯ್ತು.

ಈಗ ಹೆರಿಗೆ ಆದ ಮೇಲಿನ ಮಾತು. ಇಲ್ಲಿ ಎಲ್ಲಕ್ಕಿಂತ ಮುಖ್ಯ ಒಳಚಡ್ಡಿ. ಹೌದು, ನೈಟಿಗಿಂತ ಮುಖ್ಯ. ನಾರ್ಮಲ್ ಆಗಲಿ, ಸಿಸೇರಿಯನ್ ಆಗಲಿ ರಕ್ತಸ್ರಾವ ಇಬ್ಬರಿಗೂ ಇರುತ್ತದೆ. ಹೊಟ್ಟೆ ಕುಯ್ದು ಮಗು ತೆಗೆದರೆ ಕೆಳಗಿಂದ ರಕ್ತ ಹೋಗುವುದಿಲ್ಲ ಎಂದು ನಂಬಿದವರನ್ನು ನೋಡಿದ್ದೇನೆ. ಮಾಸು ಅಂಟಿಕೊಂಡಿದ್ದ ಜಾಗ ಗಾಯವಾಗಿರುತ್ತದೆ, ಅದು ಮಾಯುವವರೆಗೆ ಹೋಗಲೇಬೇಕು. ಮೊದಲ ಮೂರು ನಾಲ್ಕು ದಿನ ಕೆಂಪಾಗಿ ಜೋರಾಗಿ, ಆಮೇಲೆ ಗುಲಾಬಿ ಕಂದು, ಆಮೇಲೆ ಹಳದಿ ಬಿಳಿ, ಒಟ್ಟು 4ರಿಂದ 6 ವಾರ. ಮಾಮೂಲಿ ತೆಳು ಪ್ಯಾಡ್ ಇದಕ್ಕೆ ಸಾಲುವುದಿಲ್ಲ, ಉದ್ದವಾದ ಹೆರಿಗೆ ಪ್ಯಾಡ್ ಬೇಕು. ಚಡ್ಡಿಯ ಥರ ಹಾಕುವ ದೊಡ್ಡವರ ಡೈಪರ್ ಮೊದಲ ಒಂದೆರಡು ರಾತ್ರಿಗೆ ನಿಜಕ್ಕೂ ನೆಮ್ಮದಿ, ಹಾಸಿಗೆ ಒದ್ದೆಯಾಯಿತಾ ಎಂದು ತಡಕುತ್ತಾ ಇರಬೇಕಿಲ್ಲ. ಟ್ಯಾಂಪೂನ್, ಮುಟ್ಟಿನ ಕಪ್ ಯಾವುದೂ ಈಗ ಒಳಗೆ ಹಾಕಬಾರದು, ಸೋಂಕಾಗಬಹುದು. ಒಂದು ದಪ್ಪ ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ಅಥವಾ ದೊಡ್ಡ ದೊಡ್ಡ ಗಡ್ಡೆ ಹೋದರೆ, ಸುಮ್ನೆ ಬದಲಿಸಿಕೊಂಡು ಮಲಗಬೇಡಿ, ಆ ಕ್ಷಣವೇ ಸಿಸ್ಟರಿಗೆ ಹೇಳಿ. ಪ್ಯಾಡ್ ಬಿಳಿ ಇರಲಿ ಅಂದಿದ್ದು ಇದಕ್ಕೂ ಸೇರಿಯೇ.

ಒಳಚಡ್ಡಿ ಎಂಥದ್ದು ಅಂದರೆ, ಹೊಟ್ಟೆ ಮುಚ್ಚುವಷ್ಟು ಎತ್ತರದ್ದು, ಹತ್ತಿಯದು, ನಿಮ್ಮ ಗರ್ಭಿಣಿ ಅಳತೆಗಿಂತ ಒಂದು ಸೈಜ್ ದೊಡ್ಡದು. ದಪ್ಪ ಪ್ಯಾಡ್ ಒಳಗೆ ಹಿಡಿಯಬೇಕಲ್ಲ. ಸಿಸೇರಿಯನ್ ಆದವರಿಗೆ ಎತ್ತರ ಇನ್ನೂ ಮುಖ್ಯ. ಕುಯ್ದ ಗಾಯ ಸಾಮಾನ್ಯವಾಗಿ ಅಡ್ಡಕ್ಕೆ, ಹೊಟ್ಟೆಯ ತೀರಾ ಕೆಳಗೆ, ಕೂದಲು ಶುರುವಾಗುವ ಜಾಗದ ಹತ್ತಿರ ಇರುತ್ತದೆ. ಮಾಮೂಲಿ ಒಳಚಡ್ಡಿಯ ಎಲಾಸ್ಟಿಕ್ ಸರಿಯಾಗಿ ಅಲ್ಲಿಯೇ ಬಂದು ಕೂರುತ್ತದೆ! ಪ್ರತಿ ಸಲ ಎದ್ದಾಗ, ಬಗ್ಗಿದಾಗ ಉಜ್ಜುತ್ತದೆ. ಎಲಾಸ್ಟಿಕ್ ಹೊಕ್ಕುಳಿನ ಮೇಲೆ ನಿಲ್ಲಬೇಕು. ಪೈಜಾಮ ಹಾಕುವುದಾದರೂ ಲಾಡಿ ಹೊಕ್ಕುಳಿನ ಮೇಲೆಯೇ. ಆದರೆ ಮೂತ್ರದ ನಳಿಕೆ ಇರುವಷ್ಟು ಹೊತ್ತು, ಹೆಚ್ಚಾಗಿ ಮರುದಿನದವರೆಗೆ, ಪೈಜಾಮದ ಮಾತೇ ಇಲ್ಲ. ನೈಟಿ ಅಥವಾ ಗೌನ್ ಮಾತ್ರ.

ನಾರ್ಮಲ್ ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದರೆ ಕೆಳಗೆ ಗಾಳಿ ಆಡಬೇಕು. ನೈಲಾನ್, ಲೇಸ್, ಬಿಗಿ ಬಟ್ಟೆ ಯಾವುದೂ ಬೇಡ. ಮಲಗಿರುವಾಗ ಕೆಳಗೆ ಒಂದು ಹೀರುವ ಹಾಸು ಹಾಕಿ ಸ್ವಲ್ಪ ಹೊತ್ತು ಚಡ್ಡಿಯಿಲ್ಲದೆ ನೈಟಿಯಲ್ಲೇ ಮಲಗಿದರೆ ಗಾಯಕ್ಕೆ ಎಷ್ಟೋ ಹಿತ. ಊತಕ್ಕೆ ಐಸ್ ಪ್ಯಾಕ್ ಇಡುತ್ತಾರೆ, ಅದು ಕೂರುವಷ್ಟು ಜಾಗ ಚಡ್ಡಿಯಲ್ಲಿ ಇರಲಿ. ಐಸ್ ನೇರವಾಗಿ ಚರ್ಮಕ್ಕೆ ತಾಗಬಾರದು, ತೆಳು ಬಟ್ಟೆ ಸುತ್ತಿರಬೇಕು.

ನೈಟಿಯ ಉದ್ದದ ವಿಷಯ ಈಗ ಬರುತ್ತದೆ. ಹೆರಿಗೆಯಾದ ಮೇಲೆ ಮೊದಲ ಸಲ ಟಾಯ್ಲೆಟ್ಟಿಗೆ ಹೋಗುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ತಲೆ ತಿರುಗುತ್ತಿರುತ್ತದೆ. ಒಂದು ಕೈ ಸಿಸ್ಟರ್ ಹೆಗಲ ಮೇಲೆ, ಇನ್ನೊಂದು ಕೈ ಡ್ರಿಪ್ ಸ್ಟ್ಯಾಂಡ್ ಮೇಲೆ. ಈಗ ಕಾಲಿನವರೆಗೆ ಇಳಿಯುವ ನೈಟಿಯನ್ನು ಯಾರು ಎತ್ತಿ ಹಿಡಿಯಬೇಕು? ಕೂರುವಾಗ ಅದು ಒದ್ದೆ ನೆಲಕ್ಕೆ ಬೀಳುತ್ತದೆ, ಪ್ಯಾಡ್ ಬದಲಿಸುವಾಗ ಗಲ್ಲದ ಕೆಳಗೆ ಸಿಕ್ಕಿಸಿಕೊಳ್ಳಬೇಕು, ಏಳುವಾಗ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಮೀನಖಂಡದ ಅರ್ಧಕ್ಕಿಂತ ಕೆಳಗೆ ಇಳಿಯುವ ನೈಟಿ ಎಷ್ಟೇ ಚೆಂದ ಇರಲಿ, ಬ್ಯಾಗಿಗೆ ಹಾಕಬೇಡಿ. ಇದ್ದದ್ದೇ ಉದ್ದ ಇದ್ದರೆ ಕೆಳಗೆ ಮಡಚಿ ಹೊಲಿಸಿಕೊಳ್ಳಿ. ಜೇಬು ಇದ್ದರೆ ಅದೊಂದು ವರ, ಒಂದು ಹೊಸ ಪ್ಯಾಡ್ ಜೇಬಿನಲ್ಲೇ ಇಟ್ಟುಕೊಂಡು ಹೋಗಬಹುದು.

ಕಾಲಿಗೆ ಜಾರದ ಚಪ್ಪಲಿ, ಹಿಂದೆ ಪಟ್ಟಿ ಇರುವಂಥದ್ದು, ಒಂದು ಸೈಜ್ ದೊಡ್ಡದು. ಡ್ರಿಪ್‌ನ ನೀರು ಮೈಯೊಳಗೆ ಹೋಗಿರುವುದರಿಂದ ಕಾಲಿನ ಊತ ಹೆರಿಗೆಯಾದ ತಕ್ಷಣ ಇಳಿಯುವುದಿಲ್ಲ, ಒಂದೆರಡು ದಿನ ಏರಿದರೂ ಏರಬಹುದು. ಬರೀ ಸಾಕ್ಸ್ ಹಾಕಿ ಟೈಲ್ಸ್ ಮೇಲೆ ನಡೆಯಬೇಡಿ. ಎಪಿಡ್ಯೂರಲ್ ತೆಗೆದುಕೊಂಡಿದ್ದರೆ ಕಾಲಿಗೆ ಪೂರ್ತಿ ಬಲ ಬಂದಿದೆ ಎಂದು ಸಿಸ್ಟರ್ ಹೇಳುವವರೆಗೆ ಒಬ್ಬರೇ ಏಳಲೇಬಾರದು.

ಎದೆಯ ಬಗ್ಗೆ ಬರೋಣ. ಮೊದಲು ಬರುವುದು ಗಟ್ಟಿಯಾದ ಗಿಣ್ಣು ಹಾಲು, ಸ್ವಲ್ಪವೇ. ಆಗ ಹಳೆಯ ಬ್ರಾ ಕೂಡ ಸರಿಹೋಗುತ್ತದೆ ಅನಿಸುತ್ತದೆ. 2ರಿಂದ 4 ದಿನದಲ್ಲಿ ಹಾಲು ತುಂಬಿಕೊಂಡಾಗ ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ ಎಷ್ಟು ದೊಡ್ಡದಾಗುತ್ತದೆ ಅಂದರೆ ಬೆಳಗ್ಗೆ ಹಾಕಿದ್ದು ಸಂಜೆಗೆ ಆಗುವುದಿಲ್ಲ. ಆದ್ದರಿಂದ ಆಸ್ಪತ್ರೆಗೆ ಅಳತೆ ನೋಡಿ ಬಿಗಿಯಾದ ಬ್ರಾ ಕೊಳ್ಳಬೇಡಿ. ತಂತಿ ಇಲ್ಲದ, ಹಿಗ್ಗುವ, ಮೆತ್ತನೆಯದು ತೆಗೆದುಕೊಳ್ಳಿ. ತಂತಿಯಾಗಲಿ ಬಿಗಿ ಅಂಚಾಗಲಿ ಒಂದೇ ಜಾಗ ಒತ್ತಿದರೆ ಅಲ್ಲಿ ಹಾಲು ಕಟ್ಟಿಕೊಂಡು ಗಡ್ಡೆಯಾಗುತ್ತದೆ. ಸರಿಯಾದ ಅಳತೆಯ ಬ್ರಾ ಕೆಲವು ವಾರ ಬಿಟ್ಟು ಕೊಂಡರೆ ಸಾಕು. ಹಾಲು ಸೋರುವುದಕ್ಕೆ ಹೀರುವ ಪ್ಯಾಡ್ ಇಟ್ಟು, ಒದ್ದೆಯಾದ ಕೂಡಲೇ ಬದಲಿಸಿ. ಒಂದು ಕಡೆ ಕುಡಿಸುವಾಗ ಇನ್ನೊಂದು ಕಡೆಯಿಂದಲೂ ತಾನಾಗಿ ಹರಿಯುತ್ತದೆ, ಆಗ ಕಡು ಬಣ್ಣದ, ಚಿತ್ತಾರ ಇರುವ ನೈಟಿಯಾದರೆ ಒದ್ದೆ ಕಾಣುವುದಿಲ್ಲ.

ಹಾಲುಣಿಸುವ ನೈಟಿ ಎಂದು ಮಾರುವವುಗಳಲ್ಲಿ ಎದೆಯ ಎರಡೂ ಕಡೆ ಉದ್ದಕ್ಕೆ ಜಿಪ್ ಇರುತ್ತದೆ. ನೋಡಲು ಅಚ್ಚುಕಟ್ಟು. ಲೋಹದ ಜಿಪ್ ಮಾತ್ರ ನನಗೆ ಹಿಡಿಸುವುದಿಲ್ಲ, ತಣ್ಣಗೆ, ಒರಟಾಗಿ ಮಗುವಿನ ಕೆನ್ನೆಗೆ ಒತ್ತುತ್ತದೆ. ಪ್ಲಾಸ್ಟಿಕ್ ಜಿಪ್, ಒಳಗೆ ಬಟ್ಟೆಯ ಮರೆ ಇದ್ದರೆ ತೊಂದರೆ ಇಲ್ಲ. ಸಣ್ಣ ಗುಂಡಿಗಳು ಅರೆನಿದ್ದೆಯಲ್ಲಿ, ಒಂದು ಕೈಯಲ್ಲಿ ಅಳುವ ಮಗು ಇರುವಾಗ ಬಿಚ್ಚಲು ಬರುವುದಿಲ್ಲ. ಒತ್ತು ಗುಂಡಿಯೇ ಎಲ್ಲಕ್ಕಿಂತ ಒಳ್ಳೆಯದು. ಕೊಳ್ಳುವ ಮೊದಲು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಮಾತ್ರ ತೆರೆದು ಮುಚ್ಚಿ ನೋಡಿ. ತೆರೆಯಲು ಬಂದರೆ ತೆಗೆದುಕೊಳ್ಳಿ, ಬರದಿದ್ದರೆ ಬಿಡಿ.

ಎಷ್ಟು ಜೊತೆ ಬಟ್ಟೆ ಬೇಕು ಎಂದು ಕೇಳುತ್ತಾರೆ. ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ, ಯಾಕೆಂದರೆ ಬೆವರು. ಗರ್ಭಿಣಿಯಾಗಿದ್ದಾಗ ಮೈಯಲ್ಲಿ ಸೇರಿಕೊಂಡಿದ್ದ ನೀರು ಈಗ ಹೊರಗೆ ಹೋಗಬೇಕು, ಹಾರ್ಮೋನು ಬೇರೆ ದಿಢೀರನೆ ಇಳಿದಿರುತ್ತದೆ, ರಾತ್ರಿ ಎದ್ದರೆ ನೈಟಿ ಹಿಂಡುವ ಹಾಗೆ ಒದ್ದೆ. ಬೆವರು, ಹಾಲು, ರಕ್ತ, ಮಗುವಿನ ವಾಂತಿ, ಮೂತ್ರ ಎಲ್ಲ ಸೇರಿ ದಿನಕ್ಕೆ ಎರಡು ನೈಟಿಯ ಲೆಕ್ಕ ಇಡಿ. ಆಸ್ಪತ್ರೆಗೆ ಬಟ್ಟೆ ಒಗೆದು ತಂದುಕೊಡುವವರು ಇದ್ದರೆ ಕಡಿಮೆ ಸಾಕು. ಬೆವರಿನ ಜೊತೆ ಜ್ವರ, ಚಳಿ ಇದ್ದರೆ ಅದು ಬೇರೆ ವಿಷಯ, ಸಿಸ್ಟರಿಗೆ ಹೇಳಬೇಕು.

ನೋಡಲು ಬರುವವರಿಗಾಗಿ ಒಳ್ಳೆ ಬಟ್ಟೆ ಹಾಕಿಕೊಳ್ಳಬೇಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ, ಬೇಡ. ಶಾಲು ಹೊದ್ದುಕೊಳ್ಳಿ, ಅಷ್ಟು ಸಾಕು. ಫೋಟೋಗೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ನಿಮ್ಮದೇ ಆಗಿದ್ದರೆ ಇಷ್ಟದ ಬಣ್ಣದ್ದೊಂದು ಮುಂದೆ ತೆರೆಯುವ ನೈಟಿ ಇಟ್ಟುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ, ಇಷ್ಟದ ಬಟ್ಟೆ ಮೈಮೇಲಿದ್ದರೆ ಮನಸ್ಸಿಗೂ ಹಿತ. ಬೇರೆಯವರ ಕಣ್ಣಿಗೋಸ್ಕರ ಮಾತ್ರ ಹೊಲಿಗೆ ಎಳೆದಾಡುವ ಬಟ್ಟೆ ಹಾಕಬೇಡಿ.

ಮಗು ತಿಂಗಳು ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದರೆ ಮುಂದೆ ತೆರೆಯುವ ಬಟ್ಟೆ ಇನ್ನೂ ಹೆಚ್ಚು ಬೇಕು. ಕಾಂಗರೂ ಆರೈಕೆ ಎಂದು ಕೇಳಿರುತ್ತೀರಿ, 1978ರ ಹೊತ್ತಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್, ಸಾಲದೆ ಇದ್ದಾಗ ಶುರುವಾದದ್ದು. ಬರೀ ಡೈಪರ್, ಟೋಪಿ ಹಾಕಿದ ಮಗುವನ್ನು ಅಮ್ಮನ ಎದೆಗೆ ನೇರವಾಗಿ ಅಂಟಿಸಿ ಕಟ್ಟುತ್ತಾರೆ. ತೂಕ ಕಡಿಮೆ ಇರುವ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಇದನ್ನು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಷ್ಟು ಹೊತ್ತು ಕೂರುವಾಗ ಅಗಲ ಕತ್ತಿನ, ಮುಂದೆ ಪೂರ್ತಿ ಬಿಚ್ಚುವ ಅಂಗಿ, ಒಳಗೆ ಬ್ರಾ ಇಲ್ಲದೆ. ಅಪ್ಪನೂ ಇದನ್ನು ಮಾಡಬಹುದು, ಅವರಿಗೂ ಒಂದು ಗುಂಡಿ ಅಂಗಿ ಬ್ಯಾಗಿನಲ್ಲಿರಲಿ.

ಮನೆಗೆ ಹೊರಡುವ ದಿನದ ಬಟ್ಟೆ, ದಯವಿಟ್ಟು, ಬಸಿರಿಗೆ ಮುಂಚಿನ ಅಳತೆಯದು ತರಿಸಬೇಡಿ. ಹೆರಿಗೆಯಾದ ದಿನ ಗರ್ಭಕೋಶ ಹೊಕ್ಕುಳಿನ ಹತ್ತಿರವೇ ಇರುತ್ತದೆ. ದಿನಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಇಳಿಯುತ್ತಾ ಹೋಗಿ, ಪೂರ್ತಿ ಮೊದಲಿನಂತಾಗಲು ಸುಮಾರು 6 ವಾರ ಬೇಕು. ಅಂದರೆ ಮನೆಗೆ ಹೋಗುವಾಗಲೂ ಹೊಟ್ಟೆ ಐದಾರು ತಿಂಗಳಿನ ಬಸಿರಿಯ ಹಾಗೇ ಕಾಣುತ್ತದೆ, ಅದು ಹಾಗೇ ಇರಬೇಕು. ಆರೇಳು ತಿಂಗಳಲ್ಲಿ ಹಾಕುತ್ತಿದ್ದ ಸಡಿಲ ಬಟ್ಟೆಯೇ ಸರಿ. ಸೊಂಟದ ಬೆಲ್ಟ್ ಕಟ್ಟಬೇಕಾ ಬೇಡವಾ ಅನ್ನುವುದನ್ನು ಡಾಕ್ಟರನ್ನು ಕೇಳಿ ತೀರ್ಮಾನಿಸಿ. ಸಿಸೇರಿಯನ್ ಆದವರಿಗೆ ಏಳಲು ನಡೆಯಲು ಅದು ಆಸರೆಯಾಗುತ್ತದೆ, ನನಗೂ ಆಯ್ತು, ಆದರೆ ಹೊಟ್ಟೆ ಕರಗಲಿ ಎಂದು ಉಸಿರು ಕಟ್ಟುವ ಹಾಗೆ ಬಿಗಿಯುವುದು ಬೇಡ. ಕಾರಿನಲ್ಲಿ ಹೋಗುವುದಾದರೆ ಸೀಟ್ ಬೆಲ್ಟಿನ ಕೆಳಪಟ್ಟಿ ಮತ್ತು ಗಾಯದ ನಡುವೆ ಮಡಚಿದ ಸಣ್ಣ ಟವೆಲ್ ಇಟ್ಟುಕೊಳ್ಳಿ, ಉಜ್ಜುವುದಿಲ್ಲ.

ಕೊನೆಗೆ ಕಲೆಯಾದ ಬಟ್ಟೆ. ಬ್ಯಾಗಿನಲ್ಲಿ ಎರಡು ದೊಡ್ಡ ಪ್ಲಾಸ್ಟಿಕ್ ಕವರ್ ಬೇರೆಯಾಗಿ ಇಡಿ, ಒದ್ದೆ ಬಟ್ಟೆ ಒಗೆದದ್ದರ ಜೊತೆ ಸೇರದಿರಲಿ. ಮನೆಯವರು ಒಗೆಯಲು ತೆಗೆದುಕೊಂಡು ಹೋಗುವಾಗ ಒಂದು ಮಾತು ಹೇಳಿ: ರಕ್ತದ ಕಲೆಗೆ ಬಿಸಿನೀರು ಹಾಕಬಾರದು. ಬಿಸಿಗೆ ರಕ್ತದಲ್ಲಿನ ಪ್ರೋಟೀನ್ ಗಟ್ಟಿಯಾಗಿ ದಾರಕ್ಕೆ ಹಿಡಿದುಕೊಂಡುಬಿಡುತ್ತದೆ. ಮೊದಲು ತಣ್ಣೀರಿನಲ್ಲಿ ನೆನೆಸಿ, ಕೆಂಪು ಬಿಟ್ಟ ಮೇಲೆ ಸೋಪು ಹಾಕಿ ಉಜ್ಜಿ, ಆಮೇಲೆ ಬೇಕಾದರೆ ಬಿಸಿನೀರು. ಹಾಲಿನ ಕಲೆಗೂ ಹೀಗೆಯೇ.